ನಿಲ್ಲಲು ಬೇಕಾದ ಭಾರ

ಕ್ಯಾಮರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೊಗಳುವುದು ಅದರ ಹಗುರತನವನ್ನು. ಅಲ್ಯೂಮಿನಿಯಂನದ್ದಕ್ಕೆ ಒಂದು ಬೆಲೆಯಾದರೆ ಕಾರ್ಬನ್ ಫೈಬರ್‌ನದ್ದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆ. ಯಾಕೆಂದರೆ ಎರಡನೆಯದು ಇನ್ನೂ ಹಗುರ. ಹೀಗೆ ಹೆಚ್ಚು ಹಣ ಕೊಟ್ಟು ಹಗುರತನವನ್ನು ಕೊಂಡ ಮನುಷ್ಯ, ಗಾಳಿ ಬೀಸುವ ಬೆಟ್ಟದ ಮೇಲೆ ಆ ಸ್ಟ್ಯಾಂಡನ್ನು ಬಿಡಿಸಿ ನಿಲ್ಲಿಸಿದ ಕೂಡಲೇ ಮಾಡುವ ಮೊದಲ ಕೆಲಸವೇನು ಗೊತ್ತೇ? ಸುತ್ತಮುತ್ತ ಕಣ್ಣಾಡಿಸಿ ಭಾರವನ್ನು ಹುಡುಕುವುದು. ಒಂದು ಕಲ್ಲು, ಒಂದು ಚೀಲ ಮರಳು, ನೀರು ತುಂಬಿದ ಬಾಟಲಿ, ಏನೂ ಸಿಗದಿದ್ದರೆ ತನ್ನದೇ ಬೆನ್ನುಚೀಲ. ಅದನ್ನು ಸ್ಟ್ಯಾಂಡಿಗೆ ತೂಗುಹಾಕಿದ ಮೇಲೆಯೇ ಅವನಿಗೆ ಸಮಾಧಾನ.

ಇದು ಛಾಯಾಗ್ರಾಹಕರ ತಾಪತ್ರಯ, ನಮಗೇನು ಎಂದು ನಕ್ಕು ಬಿಟ್ಟುಬಿಡಬಹುದು. ಆದರೆ ತುಸು ಯೋಚಿಸಿದರೆ ಇದು ನಮ್ಮೆಲ್ಲರ ಬದುಕಿನ ಕತೆಯೂ ಹೌದು. ನಾವು ಹಗುರವಾಗಿ ಬದುಕಲು ಬಯಸುತ್ತೇವೆ. ಹೊಣೆಗಾರಿಕೆ ಕಡಿಮೆಯಿರಲಿ, ಹೊರೆ ಬೇರೆಯವರ ಹೆಗಲ ಮೇಲಿರಲಿ ಎಂದು ಹಂಬಲಿಸುತ್ತೇವೆ. ಅಲುಗಾಡದೆ ನಿಲ್ಲಬೇಕಾದ ಘಳಿಗೆ ಬಂದಾಗ ಮಾತ್ರ ನಮ್ಮಲ್ಲಿಲ್ಲದ ಭಾರವನ್ನು ಎಲ್ಲಿಂದಲೋ ತಂದು ಕಟ್ಟಿಕೊಳ್ಳುತ್ತೇವೆ. ಆ ಭಾರ ಎಲ್ಲಿಂದ ಬಂತು? ಅದು ಯಾರದ್ದು? ಕೆಲಸ ಮುಗಿದ ಮೇಲೆ ಅದನ್ನು ಏನು ಮಾಡಿದೆವು? ಈ ಮೂರು ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಪರೂಪ. ಈ ಲೇಖನದ ಉದ್ದೇಶ ಅವನ್ನು ಕೇಳಿಕೊಳ್ಳುವುದು.

ಮೊದಲು ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ. ಮೂರು ಕಾಲೇ ಏಕೆ? ನಮ್ಮ ಅಜ್ಜಿಯಂದಿರು ಬಯಲಲ್ಲಿ ಒಲೆ ಹೂಡುವಾಗ ಮೂರೇ ಕಲ್ಲು ಇಡುತ್ತಿದ್ದರು. ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಲ್ಲಿನ ಮೇಲೆ ಕೂತ ಪಾತ್ರೆ ಕುಲುಕುವುದಿಲ್ಲ. ನಾಲ್ಕು ಕಾಲಿನ ಮಣೆಯಾದರೆ ಒಂದು ಕಾಲು ಗಾಳಿಯಲ್ಲಿ ನಿಂತು ಕಟಕಟ ಎನ್ನುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ ಎಂಬ ರೇಖಾಗಣಿತದ ಸತ್ಯವನ್ನು ಅವರು ಪುಸ್ತಕ ಓದದೆಯೇ ಅರಿತಿದ್ದರು. ಆದರೆ ಕುಲುಕದಿರುವುದು ಬೇರೆ, ಬೀಳದಿರುವುದು ಬೇರೆ. ವಸ್ತುವಿನ ಗುರುತ್ವಕೇಂದ್ರದಿಂದ ನೇರ ಕೆಳಕ್ಕೆ ಎಳೆದ ಗೆರೆ ಆ ಮೂರು ಕಾಲುಗಳ ನಡುವಿನ ಜಾಗದೊಳಗೆ ಬೀಳುವವರೆಗೆ ಮಾತ್ರ ಅದು ನಿಂತಿರುತ್ತದೆ. ಗೆರೆ ಹೊರಗೆ ಸರಿಯಿತೆಂದರೆ ಮಗುಚಿತೆಂದೇ ಅರ್ಥ. ದೊಡ್ಡ ಲೆನ್ಸ್ ಹೊತ್ತ ಕ್ಯಾಮರಾ ಮೇಲಿದ್ದು ಕೆಳಗಿನ ಕಾಲುಗಳು ಹಗುರವಾಗಿದ್ದರೆ ಗುರುತ್ವಕೇಂದ್ರ ಮೇಲೇರುತ್ತದೆ. ಆಗ ಒಂದು ಜೋರು ಗಾಳಿ ಅಥವಾ ಒಂದು ಮಗುವಿನ ಓಟ ಸಾಕು.

ಬೀಳದೆ ಉಳಿದರೂ ನಡುಕ ಉಳಿಯುತ್ತದೆ. ಮುಂಜಾವಿನ ಮಬ್ಬು ಬೆಳಕಿನಲ್ಲಿ ಕ್ಯಾಮರಾದ ಕಣ್ಣು ಸೆಕೆಂಡಿನ ಮೂವತ್ತರಲ್ಲೊಂದು ಭಾಗ ತೆರೆದಿರಬೇಕಾದರೆ, ಅಷ್ಟರೊಳಗೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕಾಗುತ್ತದೆ. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸ್ ನಮ್ಮ ನಡುಕವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ. ಆದ್ದರಿಂದಲೇ ಸ್ಟ್ಯಾಂಡಿನ ನಡುಗೋಲಿನ ಕೆಳತುದಿಯಲ್ಲಿ ಅನೇಕ ಕಂಪನಿಗಳು ಒಂದು ಪುಟ್ಟ ಕೊಕ್ಕೆ ಇಟ್ಟಿರುತ್ತವೆ. ಅಲ್ಲಿ ಭಾರ ತೂಗಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ಮೂರು ಕಾಲುಗಳೂ ನೆಲವನ್ನು ಒತ್ತಿ ಹಿಡಿಯುತ್ತವೆ. ಆದರೆ ಇದಕ್ಕೂ ಮರ್ಯಾದೆಗಳಿವೆ. ಭಾರ ಸುಮ್ಮನೆ ನೇತಾಡುತ್ತಿದ್ದರೆ ಗಾಳಿಗೆ ಅದೇ ಲೋಲಕದಂತೆ ತೂಗಿ, ನಿಲ್ಲಿಸಬೇಕಾದದ್ದೇ ಅಲುಗಿಸುತ್ತದೆ. ಹಾಗಾಗಿ ಚೀಲದ ಬುಡ ನೆಲಕ್ಕೆ ತುಸು ತಾಗುವಂತಿರಬೇಕು. ಸ್ಟ್ಯಾಂಡ್ ತಾಳುವುದಕ್ಕಿಂತ ಹೆಚ್ಚು ಹೇರಿದರೆ ಕಾಲಿನ ಕೀಲು ಜಾರುತ್ತದೆ. ಮದುವೆ ಮನೆಯ ಶಾಮಿಯಾನದಲ್ಲಿ ಕೊಡೆ ಕಟ್ಟಿದ ಲೈಟ್ ಸ್ಟ್ಯಾಂಡ್ ನೋಡಿದವರಿಗೆ ಇದು ಗೊತ್ತು. ಆ ಬಿಳಿ ಕೊಡೆ ಗಾಳಿ ಬಂದಾಗ ಹಡಗಿನ ಹಾಯಿಯಂತೆ ಕೆಲಸ ಮಾಡುತ್ತದೆ. ಕಾಲಿನ ಮೇಲೆ ಮರಳಿನ ಚೀಲ ಇಡದಿದ್ದರೆ ಉರಿಯುತ್ತಿರುವ ದೀಪ ಜನರ ಮೇಲೆಯೇ ಬೀಳಬಹುದು. ಭಾರ ಎಲ್ಲಿರಬೇಕು, ಎಷ್ಟಿರಬೇಕು ಎಂಬುದು ಇಲ್ಲಿ ಬರೀ ಚಿತ್ರದ ಚೆಂದದ ಪ್ರಶ್ನೆಯಲ್ಲ, ಪಕ್ಕದಲ್ಲಿ ಕೂತವರ ತಲೆಯ ಪ್ರಶ್ನೆ.

ಈಗ ಗುಂಡ್ಲುಪೇಟೆಯ ದಾರಿ ಹಿಡಿಯೋಣ. ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ ಗುಂಡ್ಲುಪೇಟೆ, ಅಲ್ಲಿಂದ ಇನ್ನಿಪ್ಪತ್ತು ಕಿಲೋಮೀಟರ್ ಹೋದರೆ ಬಂಡೀಪುರ. ಮೈಸೂರು ಅರಸರ ಕಾಲದಲ್ಲಿ ಬೇಟೆಯ ಕಾಡಾಗಿದ್ದ ಈ ಪ್ರದೇಶದಲ್ಲಿ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಸ್ಥಾಪನೆಯಾಯಿತು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಬಂದೂಕು ಹಿಡಿದು ಬರುತ್ತಿದ್ದವರ ಜಾಗದಲ್ಲಿ ಈಗ ಕ್ಯಾಮರಾ ಹಿಡಿದವರು ಬರುತ್ತಾರೆ. ಇದೊಂದು ದೊಡ್ಡ ಬದಲಾವಣೆಯೇ ಸರಿ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್‌ರಂಥವರು ಕನ್ನಡ ನಾಡಿನಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ಘನತೆ ತಂದುಕೊಟ್ಟರು. ಅವರ ಕಾಲದ ಫಿಲ್ಮಿಗೆ ಬೆಳಕು ಹೆಚ್ಚು ಬೇಕಿತ್ತು. ಆದ್ದರಿಂದ ಗಟ್ಟಿಯಾದ ಸ್ಟ್ಯಾಂಡೂ ಅದಕ್ಕಿಂತ ಗಟ್ಟಿಯಾದ ತಾಳ್ಮೆಯೂ ಬೇಕಾಗುತ್ತಿದ್ದವು.

ಸಫಾರಿಯ ಜೀಪು ಬಸ್ಸುಗಳಲ್ಲಿ ಸ್ಟ್ಯಾಂಡ್ ಬಿಡಿಸಲು ಜಾಗವಿರುವುದಿಲ್ಲ, ಕೆಳಗಿಳಿಯಲು ಅನುಮತಿಯೂ ಇಲ್ಲ. ಇಳಿಯುವುದಕ್ಕೆ ಬದಲಾಗಿ ಅನುಭವಿಗಳು ಒಂದು ಬಟ್ಟೆಯ ಚೀಲ ತರುತ್ತಾರೆ. ಬೀನ್ ಬ್ಯಾಗ್ ಎಂದು ಅದಕ್ಕೆ ಹೆಸರು. ಬರುವಾಗ ಅದು ಖಾಲಿ, ಮಡಚಿ ಜೇಬಿಗೆ ಹಾಕಿಕೊಳ್ಳುವಷ್ಟು ಹಗುರ. ಊರು ತಲುಪಿದ ಮೇಲೆ ಅಂಗಡಿಯಲ್ಲಿ ಅಕ್ಕಿಯನ್ನೋ ಹುರುಳಿಯನ್ನೋ ಕೊಂಡು ತುಂಬಿದರೆ ಕಿಟಕಿಯ ಮೇಲೆ ಹಾಸಿದ ಮೆತ್ತೆಯಂತಾಗುತ್ತದೆ. ಅದರ ಮೇಲೆ ಲೆನ್ಸ್ ಇಟ್ಟರೆ ಕಾಳುಗಳು ಸರಿದು ಅದಕ್ಕೆ ತಕ್ಕ ಹಳ್ಳ ಮಾಡಿಕೊಡುತ್ತವೆ, ನಡುಕವನ್ನು ತಾವೇ ನುಂಗಿಕೊಳ್ಳುತ್ತವೆ. ಎಂಜಿನ್ ನಿಲ್ಲಿಸಿದ ವಾಹನದಲ್ಲಿ ಇದಕ್ಕಿಂತ ಒಳ್ಳೆಯ ಆಸರೆ ಇಲ್ಲ. ರಾಗಿ, ಹುರುಳಿ, ಅವರೆ ಬೆಳೆಯುವ ಗುಂಡ್ಲುಪೇಟೆಯ ನೆಲದಲ್ಲಿ ಈ ಭಾರಕ್ಕೆ ಬರವೂ ಇಲ್ಲ.

ಇಲ್ಲಿ ಮೊದಲ ಪ್ರಶ್ನೆ ಏಳುತ್ತದೆ. ಅನ್ನವನ್ನು ಕಲ್ಲಿನ ಜಾಗದಲ್ಲಿ ಬಳಸುವುದು ಸರಿಯೇ? ನೆಲಕ್ಕೆ ಬಿದ್ದ ಕಾಳನ್ನು ಆರಿಸಿ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರ ಈ ನಾಡಿನದ್ದು. ಕೈಜಾರಿದ ತುತ್ತನ್ನು ಎತ್ತಿ ಧೂಳು ಕೊಡವಿ ತಿನ್ನಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಕಾಳನ್ನು ಚೀಲಕ್ಕೆ ತುಂಬುವುದರಲ್ಲಿಲ್ಲ, ಆಮೇಲೆ ಅದನ್ನು ಏನು ಮಾಡುತ್ತೇವೆ ಎಂಬುದರಲ್ಲಿದೆ. ಎರಡು ದಿನ ಲೆನ್ಸಿಗೆ ಆಸರೆಯಾದ ಅಕ್ಕಿ ಮೂರನೆಯ ದಿನ ಯಾರದಾದರೂ ಮನೆಯ ಮಡಕೆ ಸೇರಿದರೆ ಅದರ ಮಾನ ಹೋಗಲಿಲ್ಲ. ಅದೇ ಅಕ್ಕಿಯನ್ನು ಭಾರವಾಯಿತೆಂದು ಹೆದ್ದಾರಿಯ ಅಂಚಿಗೆ ಸುರಿದು ಹೋದರೆ ಅಲ್ಲಿ ಎರಡು ಅನ್ಯಾಯಗಳಾಗುತ್ತವೆ. ಒಂದು ಅನ್ನಕ್ಕೆ. ಇನ್ನೊಂದು ಕಾಡಿಗೆ. ರಸ್ತೆ ಬದಿಯ ಆಹಾರದ ರುಚಿ ಹತ್ತಿದ ಜಿಂಕೆ, ಮಂಗಗಳು ರಸ್ತೆಗೆ ಬಂದು ನಿಲ್ಲುತ್ತವೆ, ಚಕ್ರಕ್ಕೆ ಸಿಕ್ಕಿ ಸಾಯುತ್ತವೆ.

ಕಲ್ಲಿನ ವಿಷಯವೂ ಹಾಗೆಯೇ. ಕಾಡಂಚಿನ ಬಯಲಲ್ಲಿ ಬಿದ್ದಿರುವ ಕಲ್ಲು ಯಾರದ್ದೂ ಅಲ್ಲವೆಂದು ನಮಗೆ ತೋರುತ್ತದೆ. ಎತ್ತಿ ನೋಡಿದರೆ ಅದರಡಿ ಒಂದು ಸಂಸಾರವಿರುತ್ತದೆ. ಚೇಳು, ಜರಿ, ಹಲ್ಲಿಯ ಮೊಟ್ಟೆ, ಇರುವೆಯ ಗೂಡು. ಬಿಸಿಲಿಗೆ ಅದೇ ಅವುಗಳ ಸೂರು. ಪ್ರವಾದಿ ಸುಲೈಮಾನ್(ಅ)ರ ಸೇನೆ ಬರುವಾಗ ಇರುವೆಯೊಂದು ತನ್ನ ಬಳಗವನ್ನು ಎಚ್ಚರಿಸಿದ ಪ್ರಸಂಗವನ್ನು ಪವಿತ್ರ ಕುರ್‌ಆನ್ ಹೇಳುತ್ತದೆ. ಅರಿವಿಲ್ಲದೆಯೇ ತುಳಿದುಹೋಗುವವರ ಬಗ್ಗೆ ಇರುವೆಗಿದ್ದ ಭಯ ಅದು. ಆ ಮಾತನ್ನು ಕೇಳಿದ ಸುಲೈಮಾನರು ಮುಗುಳ್ನಕ್ಕು, ತನಗೆ ಸಿಕ್ಕ ಅನುಗ್ರಹಕ್ಕೆ ಕೃತಜ್ಞನಾಗಿರುವ ಶಕ್ತಿ ಕೊಡೆಂದು ಪ್ರಾರ್ಥಿಸಿದರು. ಕಲ್ಲನ್ನು ಎತ್ತುವವರೂ ಕೆಲಸ ಮುಗಿದ ಮೇಲೆ ಅದನ್ನು ಇದ್ದಲ್ಲೇ, ಇದ್ದ ಮಗ್ಗುಲಿಗೇ ಇಡಬೇಕು. ಇದು ಚಿಕ್ಕ ಮಾತೆನಿಸಬಹುದು. ಆದರೆ ಎರವಲು ತಂದದ್ದನ್ನು ಹಾಗೆಯೇ ಹಿಂದಿರುಗಿಸುವುದಕ್ಕಿಂತ ದೊಡ್ಡ ನೀತಿ ಯಾವುದಿದೆ?

ಎರಡನೆಯ ಪ್ರಶ್ನೆ ಇನ್ನೂ ಆಳದ್ದು. ಒಂದು ಒಳ್ಳೆಯ ಹುಲಿಯ ಚಿತ್ರ ಪತ್ರಿಕೆಯಲ್ಲಿ ಅಚ್ಚಾದಾಗ ತೆಗೆದವರ ಹೆಸರಿರುತ್ತದೆ. ಕ್ಯಾಮರಾ, ಲೆನ್ಸುಗಳ ಹೆಸರೂ ಕೆಲವೊಮ್ಮೆ ಇರುತ್ತದೆ. ಕೆಳಗೆ ತೂಗಿದ್ದ ಚೀಲದ ಹೆಸರು ಎಲ್ಲೂ ಇರುವುದಿಲ್ಲ. ಮೇಲಿದ್ದುದು ನೋಡಿತು, ಕೆಳಗಿದ್ದುದು ನಿಲ್ಲಿಸಿತು. ಹೆಸರು ಮಾತ್ರ ಮೇಲಿನದಕ್ಕೆ. ಲೋಕದ ರೀತಿಯೇ ಇದಲ್ಲವೇ? ಮನೆಯ ಯಜಮಾನ ಊರಿನಲ್ಲಿ ಗಣ್ಯನೆನಿಸಿಕೊಂಡು ಸ್ಥಿರವಾಗಿ ನಿಂತಿರುತ್ತಾನೆ. ಆ ಸ್ಥಿರತೆಗೆ ಭಾರ ಕೊಟ್ಟವಳು ಅಡುಗೆಮನೆಯಲ್ಲಿರುತ್ತಾಳೆ. ಮಸೀದಿಯ ಮಿನಾರ ದೂರದಿಂದ ಕಾಣುತ್ತದೆ, ಅದರ ಅಡಿಪಾಯದ ಕಲ್ಲು ಯಾರಿಗೂ ಕಾಣುವುದಿಲ್ಲ.

ಚರಿತ್ರೆಯಿಂದ ಒಂದು ಉದಾಹರಣೆ ನೋಡಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮರಾದ ಬಳಿಕ, ಆ ಯುದ್ಧದಲ್ಲಿ ಕಂಪನಿಯ ಕಡೆಯಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳಾಗಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಕೆಲಸ ಮುಂದೆ ಇಡೀ ಉಪಖಂಡವನ್ನು ಅಳೆದ ಮಹಾ ಸರ್ವೆಯಾಯಿತು. ಅವನು ಬಳಸಿದ ದೊಡ್ಡ ಥಿಯೋಡಲೈಟ್ ಎಂಬ ಕೋನಮಾಪಕದ ತೂಕ ಸುಮಾರು ಅರ್ಧ ಟನ್. ಅಷ್ಟು ಭಾರದ ಆ ಯಂತ್ರ ಅಷ್ಟೇ ನಿಖರವಾಗಿ ಅಳೆಯಿತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರದ ಮೇಲಕ್ಕೆ ಎಳೆಯುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿದು ಜಖಂಗೊಂಡಿತು. ಈ ಎಲ್ಲ ವಿವರಗಳು ದಾಖಲಾಗಿವೆ. ಬೆಟ್ಟದಿಂದ ಬೆಟ್ಟಕ್ಕೆ ಅದನ್ನು ಹೆಗಲ ಮೇಲೆ ಹೊತ್ತು, ಜ್ವರದ ಕಾಡುಗಳಲ್ಲಿ ಸತ್ತವರ ಹೆಸರುಗಳು ಆ ಪರಿ ದಾಖಲಾಗಲಿಲ್ಲ. ನಿಖರತೆಯ ಕೀರ್ತಿ ಅಳೆದವನಿಗೆ, ಭಾರ ಹೊತ್ತವರಿಗೆ. ಅವರು ಹೊತ್ತು ನಿಲ್ಲಿಸಿದ ಯಂತ್ರವು ಅವರ ನೆಲವನ್ನೇ ಪರರ ಆಳ್ವಿಕೆಗಾಗಿ ಅಳೆಯಿತು ಎಂಬುದು ಇನ್ನೊಂದು ನೋವು.

ಸ್ಥಿರತೆಗೆ ಭಾರ ಬೇಕೆಂಬುದು ನಮ್ಮ ಧರ್ಮಗ್ರಂಥಕ್ಕೆ ಹೊಸ ಮಾತಲ್ಲ. ಭೂಮಿ ಮನುಷ್ಯರನ್ನು ಹೊತ್ತು ಓಲಾಡದಿರಲೆಂದು ಅಲ್ಲಾಹನು ಅದರಲ್ಲಿ ಪರ್ವತಗಳನ್ನು ನಾಟಿದ್ದಾನೆ ಎಂಬ ಭಾವ ಕುರ್‌ಆನಿನಲ್ಲಿ ಹಲವೆಡೆ ಬರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ 1454 ಮೀಟರ್ ಎತ್ತರದಲ್ಲಿ ನಿಂತು, ಮಂಜು ಸರಿದಾಗ ಕೆಳಗೆ ಹರಡಿದ ಕಾಡನ್ನು ನೋಡಿದವರಿಗೆ ಆ ಮಾತು ಬರೀ ಉಪಮೆ ಎನಿಸದು. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಆಕಾಶ, ಭೂಮಿ ಮತ್ತು ಪರ್ವತಗಳ ಮುಂದೆ ಒಂದು ಹೊಣೆಯನ್ನು, ಅಮಾನತನ್ನು ಇಡಲಾಯಿತು. ಅವು ಹೆದರಿ ಹಿಂಜರಿದವು. ಮನುಷ್ಯ ಅದನ್ನು ಹೊತ್ತುಕೊಂಡ. ಭೂಮಿಯನ್ನೇ ಹಿಡಿದು ನಿಲ್ಲಿಸುವ ಪರ್ವತಕ್ಕೂ ಭಾರವೆನಿಸಿದ್ದು ಏನು? ಕಲ್ಲು ಮಣ್ಣಿನ ತೂಕ ಖಂಡಿತ ಅಲ್ಲ. ಉತ್ತರ ಹೇಳಬೇಕಾದ ಹೊಣೆಯ ತೂಕ. ಎರವಲು ಪಡೆದದ್ದಕ್ಕೆ ಲೆಕ್ಕ ಕೊಡಬೇಕಾದವನು ಮನುಷ್ಯನೊಬ್ಬನೇ.

ಹಾಗಾದರೆ ನಾವು ನಿಲ್ಲಲು ಬಳಸುವ ಭಾರದ ಲೆಕ್ಕವನ್ನು ಹೇಗೆ ಕೊಡುವುದು? ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ.

ಮೊದಲನೆಯದು ಮಾರುಕಟ್ಟೆಯ ಉತ್ತರ. ಹಣ ಕೊಟ್ಟಿದ್ದೇವೆ, ಮುಗಿಯಿತು. ಹುರುಳಿಗೆ ಅಂಗಡಿಯಲ್ಲಿ ದುಡ್ಡು, ಸಫಾರಿಗೆ ಟಿಕೆಟ್, ಚಾಲಕನಿಗೆ ಒಂದಿಷ್ಟು ಭಕ್ಷೀಸು. ಈ ಉತ್ತರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಣ ಕೊಡದೆ ತೆಗೆದುಕೊಳ್ಳುವುದಕ್ಕಿಂತ ಕೊಟ್ಟು ತೆಗೆದುಕೊಳ್ಳುವುದು ಎಷ್ಟೋ ಮೇಲು. ಮಳೆಗಾಲದಲ್ಲಿ ಗುಂಡ್ಲುಪೇಟೆ ಸುತ್ತಿನ ಹೊಲಗಳು ಸೂರ್ಯಕಾಂತಿ, ಚೆಂಡುಹೂಗಳಿಂದ ಹಳದಿಯಾದಾಗ ದಾರಿಹೋಕರು ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗುತ್ತಾರೆ. ಗಿಡ ತುಳಿದು ಫೋಟೊ ತೆಗೆದು ಹೋಗುತ್ತಾರೆ. ಬೇಸತ್ತ ಕೆಲವು ರೈತರು ಫೋಟೊಗೆ ಸಣ್ಣ ಶುಲ್ಕ ಪಡೆಯಲು ಆರಂಭಿಸಿದರು. ಅವರನ್ನು ದುರಾಸೆಯವರೆಂದು ಮೂದಲಿಸುವವರಿದ್ದಾರೆ. ಬೆಳೆದವನ ಬೆವರು ನಮ್ಮ ಚಿತ್ರಕ್ಕೆ ಬಣ್ಣವಾಗಿರುವಾಗ ಅದಕ್ಕೆ ಬೆಲೆ ಕೇಳುವುದು ದುರಾಸೆ ಹೇಗಾದೀತು?

ಆದರೆ ಬೆಲೆ ಎಂದರೆ ತಕ್ಕಡಿ, ತಕ್ಕಡಿ ಎಂದರೆ ನ್ಯಾಯ. ಮದ್ಯನಿನ ಜನ ಅಳತೆ ತೂಕದಲ್ಲಿ ಮೋಸ ಮಾಡುತ್ತಿದ್ದುದಕ್ಕಾಗಿ ಪ್ರವಾದಿ ಶುಐಬ್(ಅ) ಅವರನ್ನು ಎಚ್ಚರಿಸಿದರು. ಪಡೆಯುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ತೂಗುವವರಿಗೆ ಕುರ್‌ಆನ್ ವಿನಾಶದ ಎಚ್ಚರಿಕೆ ಕೊಡುತ್ತದೆ. ಇದು ಕಿರಾಣಿ ಅಂಗಡಿಯವನಿಗೆ ಮಾತ್ರ ಹೇಳಿದ್ದೆಂದು ನಾವು ತಿಳಿಯುತ್ತೇವೆ. ನಾವು ಕಾಡಿನಿಂದ, ಹೊಲದಿಂದ, ಮನೆಯವರಿಂದ ಸ್ಥಿರತೆಯನ್ನು ತುಂಬಿದ ಸೇರಿನಲ್ಲಿ ಪಡೆಯುತ್ತೇವೆ. ಹಿಂದಿರುಗಿಸುವಾಗ ಟಿಕೆಟಿನ ಹಣವನ್ನು ತೋರಿಸುತ್ತೇವೆ. ಎರಡೂ ತಟ್ಟೆ ಸಮವಾಗಿದೆಯೇ?

ಎರಡನೆಯದು ವಿರಕ್ತರ ಉತ್ತರ. ಏನನ್ನೂ ಎರವಲು ಪಡೆಯದಷ್ಟು ಹಗುರವಾಗಿಬಿಡೋಣ. ಭಾರವೇ ಬೇಡ, ಸ್ಟ್ಯಾಂಡೇ ಬೇಡ. ಈ ಮಾತಿಗೆ ದೊಡ್ಡ ಪರಂಪರೆಯಿದೆ. ಒಂದು ಜೋಳಿಗೆ ಹಿಡಿದು ಊರೂರು ಅಲೆದ ಫಕೀರರು, ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದ ಶರಣರು ನಮ್ಮ ನಾಡಿನವರೇ. ಆದರೆ ಅವರು ಕಳಚಿದ್ದು ಸ್ವತ್ತಿನ ಭಾರವನ್ನೇ ಹೊರತು ಹೊಣೆಯ ಭಾರವನ್ನಲ್ಲ. ಜೋಳಿಗೆ ಹಗುರವಿದ್ದಷ್ಟೂ ಅವರ ಮಾತಿಗೆ ತೂಕವಿತ್ತು. ಕನ್ನಡದಲ್ಲಿ ತೂಕದ ಮನುಷ್ಯ, ತೂಕದ ಮಾತು ಎನ್ನುತ್ತೇವೆ. ಹಗುರವಾಗಿ ಮಾತಾಡಬೇಡ ಎಂದು ಗದರುತ್ತೇವೆ. ಅರಬಿಯಲ್ಲಿ ಗಾಂಭೀರ್ಯಕ್ಕೆ ‘ವಕಾರ್’ ಎಂಬ ಪದವಿದೆ, ಉರ್ದುವಿನ ಮೂಲಕ ನಮ್ಮ ಮನೆಗಳಿಗೂ ಬಂದಿದೆ. ಅದು ಹೊರೆ ಎಂಬರ್ಥದ ಪದದ ಒಡಹುಟ್ಟು. ಎರಡು ಭಾಷೆಗಳೂ ಒಂದೇ ಗುಟ್ಟನ್ನು ಬಲ್ಲವು.

ಇಂದಿನ ಹಗುರತನ ಫಕೀರರ ಹಗುರತನವಲ್ಲ. ಈಗಿನ ಕ್ಯಾಮರಾ, ಮೊಬೈಲುಗಳೊಳಗೆ ನಡುಕ ತಡೆಯುವ ತಂತ್ರವೇ ಇರುತ್ತದೆ. ಬರಿಗೈಯಲ್ಲೇ ಚಿತ್ರ ತೆಗೆಯಬಹುದು. ಭಾರ ಇಲ್ಲವಾಯಿತೇ? ಇಲ್ಲ. ಆ ಬ್ಯಾಟರಿಯ ಲೋಹಕ್ಕಾಗಿ ಎಲ್ಲೋ ದೂರದ ದೇಶದಲ್ಲಿ ನೆಲ ಅಗೆದವರ ಬೆನ್ನಿನ ಮೇಲೆ ಅದು ಹೋಗಿ ಕೂತಿದೆ. ಕಣ್ಣಿಗೆ ಕಾಣದಷ್ಟು ದೂರ ಹೋಗಿದೆ, ಅಷ್ಟೇ. ಇನ್ನೊಂದು ನಷ್ಟವೂ ಇದೆ. ಸ್ಟ್ಯಾಂಡ್ ನಿಲ್ಲಿಸಿ ಭಾರ ಕಟ್ಟಿದವನು ಒಂದೆಡೆ ಕಾಯಲೇಬೇಕು, ದೂರ ಇಟ್ಟುಕೊಳ್ಳಲೇಬೇಕು. ಬರಿಗೈಯವನಿಗೆ ಆ ಕಟ್ಟುಪಾಡಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಪ್ರವಾಸಿಯೊಬ್ಬರು ಮೊಬೈಲ್ ಹಿಡಿದು ಕಾಡಾನೆಯ ಸಮೀಪ ಹೋಗಿ ಅದರ ಕಾಲಡಿಗೆ ಸಿಕ್ಕಿ, ಕೂದಲೆಳೆಯಲ್ಲಿ ಬದುಕಿ ಉಳಿದರು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಅವರೊಬ್ಬರನ್ನು ದೂರಿ ಪ್ರಯೋಜನವಿಲ್ಲ. ಕಾಯುವ ಭಾರವನ್ನು ಕಳಚಿಕೊಂಡ ಕಾಲದ ಮನಸ್ಸೇ ಹಾಗಾಗಿದೆ. ಗೂಡಿನ ಮರಿಗಳ ಚಿತ್ರಕ್ಕಾಗಿ ಕೊಂಬೆ ಸರಿಸುವವರೂ ಇದೇ ಅವಸರದವರು. ಹಕ್ಕಿಯೊಂದು ಮರಿಗಳನ್ನು ಕಳಕೊಂಡು ಸಂಕಟದಿಂದ ರೆಕ್ಕೆ ಬಡಿಯುವುದನ್ನು ಕಂಡ ಪ್ರವಾದಿವರ್ಯರು(ಸ) ಮರಿಗಳನ್ನು ಹಿಂದಿರುಗಿಸಲು ಸಂಗಾತಿಗಳಿಗೆ ಆಜ್ಞಾಪಿಸಿದ ಘಟನೆ ಹದೀಸಿನಲ್ಲಿದೆ. ಇಂದು ಅನೇಕ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಕಲೆಗೂ ಒಂದು ಗೆರೆಯಿದೆ ಎಂಬ ಅರಿವು ತಡವಾಗಿಯಾದರೂ ಬಂದಿದೆ.

ಆದ್ದರಿಂದ ಕೊಂಡೆವೆಂಬ ಉತ್ತರವೂ ಸಾಲದು, ಬೇಡವೆಂಬ ಉತ್ತರವೂ ಸಾಲದು. ನಮಗೆ ಸರಿಯೆಂದು ತೋರುವುದು ಮೂರನೆಯ ಉತ್ತರ. ಭಾರವನ್ನು ಅಮಾನತಿನಂತೆ ಕಾಣುವುದು. ಒಂಟೆಯನ್ನು ಕಟ್ಟದೆಯೇ ದೇವರ ಮೇಲೆ ಭರವಸೆಯಿಡಬೇಕೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಉತ್ತರಿಸಿದ್ದು ಎಲ್ಲರಿಗೂ ಗೊತ್ತು. ಕಟ್ಟಲು ಹಗ್ಗ ಬೇಕು, ನಿಲ್ಲಲು ಭಾರ ಬೇಕು. ಬೇಕೆಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವಿಲ್ಲ. ಒಪ್ಪಿಕೊಂಡವನಿಗೆ ಮಾತ್ರ ಹಿಂದಿರುಗಿಸುವ ಯೋಚನೆ ಬರುತ್ತದೆ. ತಾನು ಸ್ವಂತ ಬಲದಿಂದ ನಿಂತಿದ್ದೇನೆ ಎಂದುಕೊಂಡವನು ಯಾರಿಗೆ ಏನನ್ನು ಹಿಂದಿರುಗಿಸಿಯಾನು?

ಈ ಮಾತನ್ನು ಬಂಡೀಪುರಕ್ಕೇ ಅನ್ವಯಿಸಿ ನೋಡೋಣ. ಆ ಕಾಡು ಇಂದು ದೇಶಕ್ಕೆ ಹೆಮ್ಮೆಯ ಚಿತ್ರ. ಹುಲಿ, ಆನೆ, ಸೀಳುನಾಯಿಗಳು ಅಲ್ಲಿ ಉಳಿದಿವೆ. ಉಳಿಯಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆ ಚಿತ್ರ ಅಲುಗದಂತೆ ಕೆಳಗೆ ತೂಗಿರುವ ಭಾರ ಯಾರದ್ದು? ಹುಲಿ ಯೋಜನೆಗಾಗಿ ಕಾಡಿನೊಳಗಿನ ನೆಲೆ ಬಿಟ್ಟು ಅಂಚಿನ ಹಾಡಿಗಳಿಗೆ ಬಂದ ಜೇನು ಕುರುಬರದ್ದು. ಬೇಸಿಗೆಯಲ್ಲಿ ಬೆಂಕಿರೇಖೆ ಕಾಯುವ ವಾಚರುಗಳದ್ದು, ಗಾರ್ಡುಗಳದ್ದು. 2017ರ ಫೆಬ್ರವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದೇ ಬೆಂಕಿಗೆ ಬಲಿಯಾದರು. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ 2009ರಲ್ಲಿ ನಿಷೇಧ ಬಂತು, 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದ ಮೂಕಪ್ರಾಣಿಗಳಿಗೆ ಅದರಿಂದ ರಾತ್ರಿಯ ನೆಮ್ಮದಿ ಸಿಕ್ಕಿತು. ಅದು ನ್ಯಾಯ. ಆದರೆ ಆ ನ್ಯಾಯದ ಭಾರವನ್ನು ಗಡಿಯಲ್ಲಿ ರಾತ್ರಿ ಕಳೆಯುವ ಲಾರಿ ಚಾಲಕ, ವಯನಾಡಿಗೆ ತರಕಾರಿ ಸಾಗಿಸುವ ಸಣ್ಣ ವ್ಯಾಪಾರಿ ಹೊರುತ್ತಾನೆ ಎಂಬುದೂ ಸತ್ಯ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಭಾರ ಮಿತಿ ಮೀರಿದರೆ ಏನಾಗುತ್ತದೆಂದು 2025ರಲ್ಲಿ ಕಂಡೆವು. ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟ ಬೋನಿನೊಳಗೆ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಜಾನುವಾರು ಕಳಕೊಂಡು ಭಯದಲ್ಲಿ ದಿನ ನೂಕಿದವರ ಸಿಟ್ಟು ಅದು. ನವೆಂಬರ್‌ನಲ್ಲಿ ಪಕ್ಕದ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ ಸರಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಸಿಬ್ಬಂದಿಯನ್ನು ಬೋನಿಗೆ ಹಾಕಿದ್ದು ಸರಿಯೆಂದು ನಾವು ಹೇಳುವುದಿಲ್ಲ. ಆ ಕೆಳಹಂತದ ನೌಕರರೂ ಭಾರ ಹೊತ್ತವರೇ. ಕೆಳಗಿನವರು ಕೆಳಗಿನವರ ಮೇಲೆಯೇ ಬಿದ್ದರು, ಮೇಲೆ ಕೂತು ಚಿತ್ರ ನೋಡುವವರಿಗೆ ಏನೂ ತಾಗಲಿಲ್ಲ. ಸ್ಟ್ಯಾಂಡಿನ ಕೀಲು ಜಾರುವುದೆಂದರೆ ಇದೇ.

ಒಂದು ಆಕ್ಷೇಪ ಬರಬಹುದು. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂದು ಕುರ್‌ಆನೇ ಹೇಳುತ್ತದಲ್ಲ, ಹಾಗಿರುವಾಗ ಕಾಡಂಚಿನವರ ಪಾಡು ಅವರದ್ದು ಎನ್ನಬಾರದೇಕೆ? ಆ ಮಾತು ಪರಲೋಕದ ಲೆಕ್ಕದ್ದು. ಅಲ್ಲಿ ಯಾರ ಪಾಪವನ್ನೂ ಇನ್ನೊಬ್ಬರ ಹೆಗಲಿಗೆ ವರ್ಗಾಯಿಸಲು ಬರುವುದಿಲ್ಲ. ಆದರೆ ಇಲ್ಲಿ, ಈ ಲೋಕದಲ್ಲಿ, ನಾವು ಹಗಲಿರುಳು ನಮ್ಮ ಹೊರೆಯನ್ನು ಇನ್ನೊಬ್ಬರ ಮೇಲೆ ಜಾರಿಸುತ್ತಲೇ ಇದ್ದೇವೆ. ಅಲ್ಲಿ ಅದು ಸಾಧ್ಯವಿಲ್ಲವೆಂಬುದೇ ಇಲ್ಲಿ ಹಾಗೆ ಮಾಡಬಾರದೆಂಬುದಕ್ಕೆ ಎಚ್ಚರಿಕೆ. ನಾವು ಅನ್ಯರ ಮೇಲೆ ಹೇರಿದ ಭಾರ ಕೊನೆಗೆ ನಮ್ಮ ತಕ್ಕಡಿಗೇ ಬಂದು ಬೀಳುತ್ತದೆ.

ಹಾಗೆಂದು ಭಾರವನ್ನೆಲ್ಲ ಕಿತ್ತುಹಾಕಲಾಗದು, ಹಾಕಿದರೆ ಕಾಡೇ ಮಗುಚುತ್ತದೆ. ಬೇಕಿರುವುದು ಛಾಯಾಗ್ರಾಹಕನಿಗೆ ಗೊತ್ತಿರುವ ಆ ಸಾಮಾನ್ಯ ವಿವೇಕ. ಭಾರ ಒಂದೇ ಕಾಲಿನ ಮೇಲೆ ಬೀಳದಿರಲಿ, ಮೂರರ ಮೇಲೂ ಹಂಚಿರಲಿ. ತಾಳುವಷ್ಟೇ ಇರಲಿ. ಗಾಳಿಯಲ್ಲಿ ನೇತಾಡದೆ ನೆಲಕ್ಕೆ ತಾಗಿರಲಿ. ಅಂದರೆ ಬೆಳೆ ಹಾನಿ, ಜಾನುವಾರು ಹಾನಿಯ ಪರಿಹಾರ ರೈತನನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ ಕೈಸೇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಹಾಡಿಯ ಬಾಗಿಲಿಗೆ ತಲುಪಬೇಕು. ಬೆಂಕಿ ಕಾಯುವವನ ಸಂಬಳ ತಿಂಗಳಿಗೆ ಸರಿಯಾಗಿ ಸಿಗಬೇಕು. ಪಟ್ಟಣದಲ್ಲಿ ಕೂತು ಹುಲಿಯ ಚಿತ್ರಕ್ಕೆ ಮೆಚ್ಚುಗೆ ಸೂಚಿಸುವ ನಾವು ಆ ಬೆಲೆಯ ನಮ್ಮ ಪಾಲನ್ನು ತೆರಿಗೆಯಾಗಿ, ಟಿಕೆಟಾಗಿ, ಅದಕ್ಕಿಂತ ಹೆಚ್ಚಾಗಿ ಗೌರವವಾಗಿ ಕೊಡಬೇಕು.

ಇಷ್ಟು ದೊಡ್ಡ ಕೆಲಸ ಒಬ್ಬರಿಂದ ಆಗದು. ಆದರೆ ಚಿಕ್ಕದರಿಂದ ತೊಡಗಬಹುದು. ಮುಂದಿನ ಸಲ ಬಂಡೀಪುರಕ್ಕೋ ಇನ್ನೆಲ್ಲಿಗೋ ಕ್ಯಾಮರಾ ಹಿಡಿದು ಹೊರಡುವವರು ಖಾಲಿ ಚೀಲವನ್ನೇ ಒಯ್ಯಲಿ. ಊರಿನ ಅಂಗಡಿಯಲ್ಲಿ ಚೌಕಾಸಿ ಮಾಡದೆ ಹುರುಳಿ ಕೊಳ್ಳಲಿ. ನೀರಿನಿಂದ ಕೆಲಸವಾಗುವುದಾದರೆ ಒಂದು ಲೀಟರಿಗೆ ಒಂದು ಕಿಲೋ ಭಾರ ಸಿಗುತ್ತದೆ, ಆಮೇಲೆ ಗಿಡಕ್ಕೆ ಸುರಿಯಬಹುದು. ಕಲ್ಲನ್ನು ಎತ್ತಿದ್ದರೆ ಇದ್ದ ಜಾಗಕ್ಕೇ ಇಡಲಿ. ಹಿಂದಿರುಗುವ ಮುನ್ನ ಚೀಲದ ಕಾಳನ್ನು ಅಡುಗೆ ಮಾಡುವ ಯಾರದಾದರೂ ಕೈಗೆ ಒಪ್ಪಿಸಲಿ. ಚೆಲ್ಲಿದ್ದನ್ನು ಆರಿಸಿಕೊಡಲಿ. ಮನೆಗೆ ಬಂದ ಮೇಲೆ, ಅಲುಗದೆ ಬಂದ ಆ ಒಂದು ಚಿತ್ರವನ್ನು ನೋಡುವಾಗ, ಅದರ ಚೌಕಟ್ಟಿನೊಳಗೆ ಕಾಣದ ಭಾರ ಯಾವ ಯಾವುದೆಂದು ಒಮ್ಮೆ ಲೆಕ್ಕ ಹಾಕಲಿ. ಕ್ಯಾಮರಾ ಇಲ್ಲದವರೂ ತಂತಮ್ಮ ಬದುಕಿನ ಕುರಿತು ಈ ಲೆಕ್ಕವನ್ನು ಹಾಕಬಹುದು. ನಾಳೆ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವರು ಯಾರು ಎಂಬಲ್ಲಿಂದ ಆರಂಭಿಸಿದರೂ ಸಾಕು.